ನೆಲಜಲಗಳ ಲೆಕ್ಕ ಕೇಳಿದ ಕಾರಂತರು

ಪಡುವಣ ಕಡಲಿಗೂ ಸಹ್ಯಾದ್ರಿಯ ಸಾಲಿಗೂ ನಡುವೆ ಹಬ್ಬಿರುವ ಕಿರಿದಾದ ನೆಲವೇ ಉಡುಪಿ ಜಿಲ್ಲೆ. ಕಾಪುವಿನ ದೀಪಸ್ತಂಭದ ಬಳಿ ನಿಂತವರಿಗೆ ಕಣ್ಣು ಹಾಯುವಷ್ಟು ದೂರವೂ ನೀರು. ಕಾರ್ಕಳವನ್ನು ದಾಟಿ ಮೂಡಣಕ್ಕೆ ನಡೆದವರಿಗೆ ದಟ್ಟವಾದ ಕಾಡು. ಘಟ್ಟದ ಮೇಲೆ ಸುರಿದ ಮಳೆ ಹೊಳೆಯಾಗಿ ಇಳಿದು, ಗದ್ದೆ ತೋಟಗಳಿಗೆ ನೀರುಣಿಸಿ, ಕಡಲನ್ನು ಸೇರುತ್ತದೆ. ಕಾಡು, ಹೊಳೆ, ಗದ್ದೆ, ಕಡಲು ಇವುಗಳಲ್ಲಿ ಒಂದು ಕೆಟ್ಟರೆ ಉಳಿದವುಗಳಿಗೂ ಕೇಡು ತಪ್ಪದು. ಈ ನಂಟನ್ನು ಅರಿಯುವ ಶಾಸ್ತ್ರವೇ ಪರಿಸರ ವಿಜ್ಞಾನ. ಅದು ನಮ್ಮ ಶಾಲೆಗಳ ಪಾಠವಾಗುವುದಕ್ಕೆ ಬಹು ಮೊದಲೇ ಅದರ ತಿರುಳನ್ನು ಕನ್ನಡಿಗರಿಗೆ ಮುಟ್ಟಿಸಲು ಶ್ರಮಿಸಿದವರು ಇದೇ ನೆಲದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು.

ಕಾರಂತರು 1902ನೆಯ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಮುಂದೆ ಅವರಿಗೆ ಲೋಕವೇ ಪಾಠಶಾಲೆಯಾಯಿತು. ಊರೂರು ಅಲೆದು ಕಂಡ ಬದುಕು ಅವರ ಕಾದಂಬರಿಗಳಲ್ಲಿ ಮೂಡಿತು. ‘ಮರಳಿ ಮಣ್ಣಿಗೆ’ಯಲ್ಲಿ ಕಡಲ ಕರೆಯ ಮೂರು ತಲೆಮಾರಿನವರ ಬಾಳಿದೆ, ‘ಬೆಟ್ಟದ ಜೀವ’ದಲ್ಲಿ ಕಾಡಿನ ನಡುವೆ ತೋಟ ಮಾಡಿದ ಮುದುಕನ ಛಲವಿದೆ. ನೆಲವನ್ನು ಬಿಟ್ಟು ಮನುಷ್ಯನನ್ನು ಚಿತ್ರಿಸಲು ಅವರಿಗೆ ಎಂದೂ ಮನಸ್ಸು ಬರಲಿಲ್ಲ.

ವಿಜ್ಞಾನವು ಇಂಗ್ಲಿಷ್ ಬಲ್ಲ ಕೆಲವರ ಸೊತ್ತಾಗಿ ಉಳಿಯಬಾರದೆಂಬುದು ಅವರ ನಿಲುವು. ಆದುದರಿಂದ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ, ಬಳಿಕ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ರಚಿಸಿದರು. ಅಮೆರಿಕದ ವಿಜ್ಞಾನಿ ರಾಚೆಲ್ ಕಾರ್ಸನ್ ಕಡಲನ್ನು ಕುರಿತು ಬರೆದ ಗ್ರಂಥವನ್ನು ಕನ್ನಡಕ್ಕೆ ತಂದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ದೇಶದ ಪರಿಸರದ ಸ್ಥಿತಿಯನ್ನು ವಿವರಿಸುವ ವರದಿಯನ್ನು ಹೊರತಂದಾಗ, ಎಂಬತ್ತನ್ನು ಮುಟ್ಟಿದ್ದ ಕಾರಂತರು ಅದನ್ನೂ ಅನುವಾದಿಸಿದರು.

ಅರಿತವನು ಸುಮ್ಮನಿರಲಾಗದು. 1984ರಲ್ಲಿ ರಾಜ್ಯದ ಸುಮಾರು 30,000 ಹೆಕ್ಟೇರು ಸರಕಾರಿ ಭೂಮಿಯಲ್ಲಿ ನೀಲಗಿರಿ ಮರಗಳನ್ನು ಬೆಳೆಸಿ ಕಾರ್ಖಾನೆಗೆ ಒದಗಿಸುವ ಸಲುವಾಗಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ಆ ನೆಲವು ಪಾಳು ಬಿದ್ದುದೆಂದು ಕಾಗದದ ಮೇಲಿನ ಲೆಕ್ಕ ಹೇಳುತ್ತಿತ್ತು. ಆದರೆ ಹಳ್ಳಿಗರ ದನಕರುಗಳಿಗೆ ಮೇವು, ಒಲೆಗೆ ಸೌದೆ, ಗದ್ದೆಗೆ ಸೊಪ್ಪು ಬರುತ್ತಿದ್ದುದು ಅಂತಹ ನೆಲದಿಂದಲೇ. ಒಂದೇ ಜಾತಿಯ ಮರಗಳ ತೋಪು ಹಲವು ಜಾತಿಯ ಗಿಡಮರಗಳಿರುವ ಕಾಡಿಗೆ ಸಮನಲ್ಲ. ನೀಲಗಿರಿಯ ಎಲೆಯನ್ನು ದನಗಳು ಮೇಯುವುದೂ ಇಲ್ಲ. 1986ರಲ್ಲಿ ಕಾರಂತರು ಸಮಾಜ ಪರಿವರ್ತನ ಸಮುದಾಯದೊಡನೆ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಮರುವರ್ಷ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು. 1991ರಲ್ಲಿ ಸರಕಾರವು ಆ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು.

ಎಲ್ಲ ಹೋರಾಟಗಳಲ್ಲಿಯೂ ಅವರಿಗೆ ಜಯ ದೊರೆಯಲಿಲ್ಲ. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವನ್ನು ಕಟ್ಟುವುದನ್ನು ಅವರು ವಿರೋಧಿಸಿದರು. ಜನರ ಗಮನವನ್ನು ಸೆಳೆಯಲು 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಲೋಕಸಭೆಯ ಚುನಾವಣೆಗೆ ನಿಂತು ಸೋತರು. ನಾಡಿಗೆ ವಿದ್ಯುತ್ತು ಬೇಕೆಂಬ ವಾದವೂ ಬಲವಾಗಿತ್ತು. ಸ್ಥಾವರವು ಎದ್ದು ನಿಂತಿತು. 2000ನೆಯ ಇಸವಿಯಲ್ಲಿ ವಾಣಿಜ್ಯ ಮಟ್ಟದ ವಿದ್ಯುದುತ್ಪಾದನೆ ಆರಂಭವಾಯಿತು. ಆದರೂ ಇಂತಹ ಯೋಜನೆಗಳಿಂದ ಬರುವ ಲಾಭವೆಷ್ಟು, ಆಗುವ ನಷ್ಟವೆಷ್ಟು, ಆ ನಷ್ಟವನ್ನು ಹೊರುವವರು ಯಾರು ಎಂದು ಕೇಳುವುದು ಪ್ರಜೆಯ ಹಕ್ಕೆಂಬುದನ್ನು ಅವರು ತೋರಿಸಿಕೊಟ್ಟರು.

1997ನೆಯ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ಕೊನೆಯುಸಿರೆಳೆದರು. ಪರಿಸರ ವಿಜ್ಞಾನವು ಪರೀಕ್ಷೆಗಾಗಿ ಕಲಿತು ಮರೆಯುವ ವಿಷಯವಲ್ಲ. ನೆಲ, ಜಲ, ಕಾಡುಗಳನ್ನು ಬಳಸುವ ಮುನ್ನ ಅವುಗಳ ಸ್ಥಿತಿಯನ್ನು ಅಳೆಯುವುದು, ಬಳಕೆಯ ಫಲವನ್ನು ಮುಂಗಾಣುವುದು, ಮಿತಿಯನ್ನು ಗೊತ್ತುಪಡಿಸುವುದು ಅದರ ಕೆಲಸ. ಯಾವ ಪರೀಕ್ಷೆಯ ಒತ್ತಾಯವೂ ಇಲ್ಲದೆ ಆ ವಿದ್ಯೆಯನ್ನು ಕಲಿತು, ಕಲಿತುದನ್ನು ಜನರಿಗೆ ಹಂಚಿ, ಅದರಂತೆ ನಡೆದ ಕಾರಂತರ ಬಾಳು ನಮಗೆ ದಾರಿದೀಪವಾಗಿದೆ.