ಚಂದ್ರನ ಕೊಂಬಿಗೆ ಲೆಕ್ಕ ಕಟ್ಟಿದ ಭಾಸ್ಕರಾಚಾರ್ಯರು

ಯುಗಾದಿಯ ಸಂಜೆ ಪಡುವಣ ಬಾನಿನಲ್ಲಿ ಎಳೆಯ ಚಂದ್ರನನ್ನು ಹುಡುಕುವ ಪದ್ಧತಿ ಹಳೇ ಮೈಸೂರು ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ತುಮಕೂರು ಬಳಿಯ ಹಿರೇಹಳ್ಳಿಯಂತಹ ಊರುಗಳಲ್ಲಿ ಆ ದಿನಗಳ ಚಂದ್ರ ಹೆಚ್ಚುಕಡಿಮೆ ದೋಣಿಯಂತೆ ಅಂಗಾತ ಮಲಗಿರುತ್ತಾನೆ. ಅವನ ಎರಡು ತುದಿಗಳಲ್ಲಿ ಯಾವುದು ಮೇಲಿದೆ, ಉತ್ತರದ್ದೋ ದಕ್ಷಿಣದ್ದೋ ಎಂದು ಗಮನಿಸಿ ವರ್ಷದ ಮಳೆ, ಬೆಳೆ, ಧಾರಣೆಗಳನ್ನು ಊಹಿಸುವ ಹಿರಿಯರೂ ಇದ್ದಾರೆ. ಈ ಊಹೆಯ ಬೇರು ಬಹಳ ಹಳೆಯದು. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಚಂದ್ರನ ಕೊಂಬಿನ ಓರೆಯನ್ನು ನೋಡಿ ಫಲ ಹೇಳುವ ಕ್ರಮವನ್ನು ವಿವರಿಸಿದ್ದಾನೆ.

ಇದೇ ಕೊಂಬಿನ ಓರೆಯನ್ನು ಶಕುನವೆಂದು ಬಗೆಯದೆ, ರೇಖಾಗಣಿತದ ಸಮಸ್ಯೆಯೆಂದು ಹಿಡಿದು, ಪೂರ್ವಸೂರಿಗಳ ತಪ್ಪನ್ನೂ ಎತ್ತಿ ತೋರಿಸಿದವರು ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರು. ಲೀಲಾವತಿಯ ಕರ್ತೃವೆಂದು ಶಾಲಾ ಮಕ್ಕಳಿಗೂ ಅವರ ಹೆಸರು ಗೊತ್ತು. ಆದರೆ ಚಂದ್ರನ ವೃದ್ಧಿ ಕ್ಷಯಗಳ ಬಗ್ಗೆ ಅವರು ಬರೆದದ್ದು ಲೀಲಾವತಿಯ ಪ್ರಭೆಯಲ್ಲಿ ಮಂಕಾಗಿಯೇ ಉಳಿದಿದೆ.

ಭಾಸ್ಕರರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರ ಸುಮಾರಿಗೆ. ಈ ವರ್ಷವನ್ನು ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಶಾಂಡಿಲ್ಯ ಗೋತ್ರದ ಮನೆತನ. ತಂದೆ ಮಹೇಶ್ವರರೇ ಗುರು. ಊರು ಸಹ್ಯಾದ್ರಿಯ ಆಸರೆಯಲ್ಲಿದ್ದ ವಿಜ್ಜಡವಿಡ. ಈ ವಿಜ್ಜಡವಿಡ ಯಾವುದು ಎಂಬ ಪ್ರಶ್ನೆಗೆ ಒಮ್ಮತದ ಉತ್ತರ ಸಿಕ್ಕಿಲ್ಲ. ಅದು ಇಂದಿನ ವಿಜಯಪುರವೇ ಎಂದು ಕನ್ನಡಿಗರು ಅಭಿಮಾನದಿಂದ ಹೇಳುತ್ತ ಬಂದಿದ್ದಾರೆ. ಅನೇಕ ಪುಸ್ತಕಗಳೂ ಹಾಗೆಯೇ ಬರೆದಿವೆ. ಹೆಸರಿನ ಹೋಲಿಕೆ ಈ ವಾದದ ಮುಖ್ಯ ಬಲ. ಮಹಾರಾಷ್ಟ್ರದ ಬೀಡ್ ಮತ್ತು ಚಾಳೀಸ್‌ಗಾಂವ್ ಬಳಿಯ ಪಾಟಣದ ಪರವಾಗಿಯೂ ವಾದಗಳಿವೆ. ಸಹ್ಯಾದ್ರಿಯ ಉಲ್ಲೇಖವಾಗಲಿ, ಮನೆತನದ ಶಿಲಾಶಾಸನ ಸಿಕ್ಕ ಜಾಗವಾಗಲಿ ಪಾಟಣದ ಸೀಮೆಯತ್ತಲೇ ಹೆಚ್ಚು ವಾಲುತ್ತವೆ ಎಂಬುದನ್ನು ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

ಊರಿನ ಜಗಳ ಏನೇ ಇರಲಿ, ಕಾಲ ಮಾತ್ರ ಕನ್ನಡ ನಾಡಿಗೆ ಚಿರಪರಿಚಿತ. ಭಾಸ್ಕರರು ಹುಟ್ಟಿದಾಗ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ. ಅವನ ಆಸ್ಥಾನದಲ್ಲೇ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು. ಭಾಸ್ಕರರಿಗೆ ನಲವತ್ತು, ಐವತ್ತರ ವಯಸ್ಸಾಗಿದ್ದಾಗ ಬಿಜ್ಜಳ ಕಲ್ಯಾಣವನ್ನು ವಶಪಡಿಸಿಕೊಂಡ. ಬಸವಣ್ಣನವರ ಸುತ್ತ ಶರಣರ ಚಳವಳಿ ಬೆಳೆಯಿತು. ಅದೇ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದ.

ಮೂವತ್ತಾರನೇ ವಯಸ್ಸಿನಲ್ಲಿ, 1150ರಲ್ಲಿ, ಭಾಸ್ಕರರು ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳ ಈ ಕೃತಿಗೆ ಅವರೇ ವಾಸನಾಭಾಷ್ಯವೆಂಬ ವಿವರಣೆಯನ್ನೂ ಬರೆದರು. ವಾಸನೆ ಎಂದರೆ ಇಲ್ಲಿ ಉಪಪತ್ತಿ, ಲೆಕ್ಕದ ಹಿಂದಿನ ಕಾರಣ. ಸೂತ್ರವನ್ನು ಬಾಯಿಪಾಠ ಮಾಡಿಸುವುದಷ್ಟೇ ಅವರಿಗೆ ಸಾಲದು. ಅದು ಏಕೆ ಹಾಗೆ ಎಂದು ಶಿಷ್ಯನಿಗೆ ತಿಳಿಯಬೇಕು. ಗೋಲಾಧ್ಯಾಯ ಇರುವುದೇ ಅದಕ್ಕಾಗಿ. ಅದರ ಒಂದು ಪ್ರಕರಣದ ಹೆಸರು ಶೃಂಗೋನ್ನತಿ ವಾಸನೆ, ಅಂದರೆ ಚಂದ್ರನ ಕೊಂಬು ಏರುವುದರ ಕಾರಣ.

ಚಂದ್ರ ಏಕೆ ಕರಗುತ್ತಾನೆ, ಏಕೆ ತುಂಬುತ್ತಾನೆ ಎಂದು ಕೇಳಿದರೆ ಭೂಮಿಯ ನೆರಳು ಅವನ ಮೇಲೆ ಬೀಳುವುದರಿಂದ ಎಂದು ಉತ್ತರಿಸುವವರು ಪದವೀಧರರಲ್ಲೂ ಸಾಕಷ್ಟು ಸಿಗುತ್ತಾರೆ. ಭೂಮಿಯ ನೆರಳು ಚಂದ್ರನನ್ನು ಮುಟ್ಟುವುದು ಗ್ರಹಣದಲ್ಲಿ ಮಾತ್ರ, ಅದೂ ಹುಣ್ಣಿಮೆಯಂದು. ಬಿದಿಗೆ, ಅಷ್ಟಮಿಯ ಆಕಾರಕ್ಕೂ ನೆರಳಿಗೂ ಸಂಬಂಧವಿಲ್ಲ. ಭಾಸ್ಕರರು ಈ ಎರಡನ್ನೂ ಬೇರೆ ಬೇರೆ ಪ್ರಕರಣಗಳಲ್ಲಿಟ್ಟು ಗೊಂದಲಕ್ಕೆ ಎಡೆಯೇ ಇಲ್ಲದಂತೆ ಮಾಡಿದ್ದಾರೆ.

ಅವರು ಕೊಡುವ ಹೋಲಿಕೆ ಬಿಸಿಲಿನಲ್ಲಿಟ್ಟ ಮಡಕೆಯದು. ಮಡಕೆಯ ಒಂದು ಮಗ್ಗುಲಿಗೆ ಬಿಸಿಲು ಬಿದ್ದಾಗ ಇನ್ನೊಂದು ಮಗ್ಗುಲು ಅದರದೇ ಮೈಯ ಮರೆಯಲ್ಲಿ ಕಪ್ಪಾಗಿರುತ್ತದೆ. ಚಂದ್ರನೂ ಹಾಗೆಯೇ: ಸೂರ್ಯನ ಕಡೆಗಿರುವ ಅರ್ಧ ಸದಾ ಬೆಳಗುತ್ತಿರುತ್ತದೆ, ಉಳಿದರ್ಧ ಸದಾ ಕತ್ತಲಲ್ಲಿರುತ್ತದೆ. ಬೆಳಗಿದ ಅರ್ಧದಲ್ಲಿ ಎಷ್ಟು ಪಾಲು ನಮ್ಮ ಕಡೆಗೆ ತಿರುಗಿದೆ ಎಂಬುದಷ್ಟೇ ದಿನದಿಂದ ದಿನಕ್ಕೆ ಬದಲಾಗುತ್ತದೆ. ಈ ಹೋಲಿಕೆ ಅವರ ಸ್ವಂತದ್ದಲ್ಲ. ವರಾಹಮಿಹಿರನಲ್ಲೇ ಅದು ಇದೆ. ಚಂದ್ರನಿಗೆ ಸ್ವಂತ ಬೆಳಕಿಲ್ಲ ಎಂಬುದನ್ನು ಆರ್ಯಭಟ ಇನ್ನೂ ಮೊದಲೇ, 499ರಲ್ಲಿ ಹೇಳಿದ್ದ. ಚಂದ್ರ ನೀರಿನ ಗೋಳ ಎಂಬ ಹಳೆಯ ತಪ್ಪು ನಂಬಿಕೆಯೂ ಭಾಸ್ಕರರಿಗೆ ಅದೇ ಪರಂಪರೆಯಿಂದಲೇ ಬಂತು. ಅವರ ಹೆಚ್ಚುಗಾರಿಕೆ ಇರುವುದು ಅಲ್ಲಿಂದ ಮುಂದೆ.

ಅಮಾವಾಸ್ಯೆಯ ತರ್ಪಣವನ್ನೇ ತೆಗೆದುಕೊಳ್ಳಿ. ಪಿತೃಗಳು ಚಂದ್ರನ ಮೇಲ್ಭಾಗದಲ್ಲಿ, ಅಂದರೆ ನಮಗೆ ಕಾಣದ ಮಗ್ಗುಲಲ್ಲಿ ವಾಸಿಸುತ್ತಾರೆಂಬ ನಂಬಿಕೆಯನ್ನು ಭಾಸ್ಕರರು ಅಲ್ಲಗಳೆಯುವುದಿಲ್ಲ. ಅದರಿಂದಲೇ ಒಂದು ಪಾಠ ಹೊರಡಿಸುತ್ತಾರೆ. ಅಮಾವಾಸ್ಯೆಯಂದು ಸೂರ್ಯ ಚಂದ್ರನ ಆಚೆಗಿರುವುದರಿಂದ ಆ ಮಗ್ಗುಲಿನವರ ನೆತ್ತಿಯ ಮೇಲಿರುತ್ತಾನೆ. ನಮಗೆ ಕತ್ತಲ ರಾತ್ರಿ, ಅವರಿಗೆ ನಡುಹಗಲು. ನಮ್ಮ ಹುಣ್ಣಿಮೆ ಅವರ ನಡುರಾತ್ರಿ. ಪಿತೃಗಳ ಒಂದು ಹಗಲು ರಾತ್ರಿ ನಮ್ಮ ಒಂದು ಚಾಂದ್ರಮಾಸ. ಚಂದ್ರನ ಮೇಲೆ ಹಗಲು ಸುಮಾರು 14.75 ದಿನ ಇರುತ್ತದೆ ಎಂಬ ಇಂದಿನ ತಿಳಿವಳಿಕೆಗೆ ಇದು ಸರಿಯಾಗಿ ಹೊಂದುತ್ತದೆ. ಶ್ರಾದ್ಧದ ಮನೆಯಲ್ಲೇ ಶಿಷ್ಯನಿಗೆ ಗೋಳದ ಪಾಠ ಮಾಡುವ ಜಾಣ್ಮೆ ಇದು.

ಪಂಚಾಂಗದ ತಿಥಿಯ ಮೂಲವೂ ಇಲ್ಲೇ ಇದೆ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. 30 ತಿಥಿಗೆ ಒಂದು ಸುತ್ತು. ಸಿದ್ಧಾಂತ ಶಿರೋಮಣಿಯ ಕಲ್ಪದ ಅಂಕಿಗಳಿಂದ ಲೆಕ್ಕ ಹಾಕಿದರೆ ಒಂದು ಚಾಂದ್ರಮಾಸಕ್ಕೆ 29.530582 ದಿನ ಬರುತ್ತದೆ. ಇಂದಿನ ಬೆಲೆ 29.530589. ವ್ಯತ್ಯಾಸ ಒಂದು ಸೆಕೆಂಡಿಗೂ ಕಡಿಮೆ. ಆದರೆ ಈ ಅಂಕಿಗಳ ಕೀರ್ತಿ ಐದು ಶತಮಾನ ಹಿಂದಿನ ಬ್ರಹ್ಮಗುಪ್ತನಿಗೆ ಸಲ್ಲಬೇಕು. ಭಾಸ್ಕರರು ಅವನ್ನು ಹಾಗೆಯೇ ಸ್ವೀಕರಿಸಿದವರು.

ಸೂರ್ಯ ಚಂದ್ರರ ನಡುವಿನ ಕೋನ 90 ಡಿಗ್ರಿಯಾದಾಗ, ಅಂದರೆ ಅಷ್ಟಮಿಯ ನಡುವಿನಲ್ಲಿ, ಚಂದ್ರ ಸರಿಯಾಗಿ ಅರ್ಧ ಕಾಣುತ್ತಾನೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಭಾಸ್ಕರರು ಅದನ್ನು ಒಪ್ಪಲಿಲ್ಲ. ಅರ್ಧ ಕಾಣಬೇಕಾದರೆ ಲಂಬಕೋನ ಇರಬೇಕಾದ್ದು ನೋಡುವವನ ಬಳಿಯಲ್ಲಲ್ಲ, ಚಂದ್ರನ ಬಳಿ. ಚಂದ್ರ ಹತ್ತಿರ, ಸೂರ್ಯ ದೂರ. ಆದ್ದರಿಂದ ಭೂಮಿಯಿಂದ ಅಳೆದ ಕೋನ 90ಕ್ಕಿಂತ ಕಡಿಮೆಯಿರುವಾಗಲೇ ಅರ್ಧಚಂದ್ರ ಒದಗುತ್ತದೆ. ಅವರು ಕೊಟ್ಟ ಬೆಲೆ 85 ಡಿಗ್ರಿ 45 ಕಲೆ. ತತ್ವ ಸಂಪೂರ್ಣ ಸರಿ. ಸಂಖ್ಯೆ ಮಾತ್ರ ತಪ್ಪು. ಇಂದಿನ ಅಳತೆಯಂತೆ ಅದು 89 ಡಿಗ್ರಿ 51 ಕಲೆ.

ತಪ್ಪಿನ ಕಾರಣ ಕುತೂಹಲಕರ. ಎಲ್ಲ ಗ್ರಹಗಳೂ ದಿನಕ್ಕೆ ಸಮಾನ ಯೋಜನ ಚಲಿಸುತ್ತವೆ ಎಂಬುದು ಸಿದ್ಧಾಂತ ಗ್ರಂಥಗಳ ಆಧಾರಭೂತ ನಂಬಿಕೆ. ಸೂರ್ಯನ ಸುತ್ತಿಗೆ ಚಂದ್ರನ ಸುತ್ತಿನ 13 ಪಟ್ಟಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುವುದರಿಂದ ದೂರವೂ ಅಷ್ಟೇ ಪಟ್ಟು ಎಂದಾಯಿತು: ಚಂದ್ರನಿಗೆ 51,566 ಯೋಜನ, ಸೂರ್ಯನಿಗೆ 6,89,377. ನಿಜವಾದ ಅನುಪಾತ ಸುಮಾರು 390. ಭಾಸ್ಕರರ ಲೆಕ್ಕದಂತೆ ಶುಕ್ಲಪಕ್ಷದ ಅರ್ಧಚಂದ್ರ ಅಷ್ಟಮಿಯ ನಡುವಿಗಿಂತ ಎಂಟು ಗಂಟೆಗೂ ಹೆಚ್ಚು ಮುಂಚೆ ಬರಬೇಕು. ವಾಸ್ತವದಲ್ಲಿ ಬರುವುದು ಸುಮಾರು 18 ನಿಮಿಷ ಮುಂಚೆ. ಬೆಳಕು ಕತ್ತಲೆಯ ಗೆರೆ ನೇರವಾದ ಗಳಿಗೆಯನ್ನು ಬರಿಗಣ್ಣು ಅಷ್ಟು ನಿಖರವಾಗಿ ಹಿಡಿಯಲಾರದು. ಹೀಗಾಗಿ ತಪ್ಪು ಬಯಲಾಗದೆ ಉಳಿಯಿತು. ಗ್ರೀಸಿನ ಅರಿಸ್ಟಾರ್ಕಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಇದೇ ತ್ರಿಕೋನವನ್ನು ಹಿಡಿದು, ಕೋನ 87 ಡಿಗ್ರಿ ಎಂದಿಟ್ಟುಕೊಂಡು, ದೂರದ ಅನುಪಾತವನ್ನು ತೆಗೆದಿದ್ದ. ಭಾಸ್ಕರರು ದೂರದಿಂದ ಕೋನಕ್ಕೆ ಬಂದರು. ಇಬ್ಬರ ದಾರಿಯೂ ಸರಿ, ಇಬ್ಬರ ಅಂಕಿಯೂ ತಪ್ಪು.

ಇನ್ನು ಕೊಂಬಿನ ಓರೆ. ಚಂದ್ರನ ಬೆಳಗಿದ ಅಂಚು ಯಾವಾಗಲೂ ಸೂರ್ಯನಿರುವ ದಿಕ್ಕಿಗೇ ಮುಖ ಮಾಡಿರುತ್ತದೆ. ಸೂರ್ಯ ಮುಳುಗಿದ ಮೇಲೆ ಚಂದ್ರ ಅವನ ನೇರ ಮೇಲಿದ್ದರೆ ಕೊಂಬುಗಳೆರಡೂ ಸಮ, ಪಕ್ಕಕ್ಕಿದ್ದರೆ ಒಂದು ಮೇಲೆ ಒಂದು ಕೆಳಗೆ. ಹಿರೇಹಳ್ಳಿಯ ಅಕ್ಷಾಂಶ ಸುಮಾರು 13 ಡಿಗ್ರಿ. ಅಲ್ಲಿ ಯುಗಾದಿಯ ಹೊತ್ತಿಗೆ ಕ್ರಾಂತಿವೃತ್ತ ಪಡುವಣ ದಿಗಂತದ ಮೇಲೆ ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ದೋಣಿಯ ಆಕಾರ. ಭಾದ್ರಪದದಲ್ಲಿ ಅದು ದಕ್ಷಿಣಕ್ಕೆ ವಾಲುವುದರಿಂದ, ನೋಡಬಾರದೆಂದು ಮುಖ ತಿರುಗಿಸುವ ಚೌತಿಯ ಚಂದ್ರನ ಉತ್ತರದ ಕೊಂಬು ಮೇಲೇಳುತ್ತದೆ. ಲಂಡನ್ನಿನಲ್ಲಿ ಅದೇ ಸಂಜೆ ಚಂದ್ರ ಹೆಚ್ಚುಕಡಿಮೆ ನೆಟ್ಟಗೆ ನಿಂತಂತೆ ಕಾಣುತ್ತಾನೆ. ಚಂದ್ರನ ಪಥ ಕ್ರಾಂತಿವೃತ್ತಕ್ಕೆ ಸುಮಾರು 5 ಡಿಗ್ರಿ ಓರೆಯಾಗಿದ್ದು, ಆ ಓರೆಯ ದಿಕ್ಕು 18.6 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. ಯುಗಾದಿಯ ಚಂದ್ರ ಒಂದು ವರ್ಷ ಇತ್ತ, ಇನ್ನೊಂದು ವರ್ಷ ಅತ್ತ ವಾಲುವುದು ಮುಖ್ಯವಾಗಿ ಅದರಿಂದ. ಮಳೆಗೂ ಧಾರಣೆಗೂ ಅದರ ಗೊಡವೆಯಿಲ್ಲ.

ಈ ಓರೆಯನ್ನು ಲೆಕ್ಕ ಹಾಕುವ ಬ್ರಹ್ಮಗುಪ್ತನ ವಿಧಾನ ಭಾಸ್ಕರರಿಗೆ ಸರಿಯೆನಿಸಲಿಲ್ಲ. ಅಂಕಿಗಳಿಗೆ ಅವನನ್ನೇ ನಂಬಿದವರು ಇಲ್ಲಿ ನೇರವಾಗಿ ಖಂಡನೆಗಿಳಿಯುತ್ತಾರೆ. ಅದಕ್ಕೆ ಅವರು ಆರಿಸಿಕೊಂಡ ಜಾಗ ಭರತಖಂಡದಲ್ಲೇ ಇಲ್ಲ: 66 ಡಿಗ್ರಿ ಉತ್ತರ ಅಕ್ಷಾಂಶ. ಮೇಷದ ಆದಿ ಉದಯಿಸುವಾಗ ಅಲ್ಲಿ ಕ್ರಾಂತಿವೃತ್ತವೂ ದಿಗಂತವೂ ಒಂದೇ ಆಗುತ್ತವೆ. ಸೂರ್ಯ ಮೇಷಾದಿಯಲ್ಲಿ ಪೂರ್ವಕ್ಕೂ ಚಂದ್ರ ಮಕರಾದಿಯಲ್ಲಿ ದಕ್ಷಿಣಕ್ಕೂ ಇದ್ದರೆ, ಚಂದ್ರನ ಪೂರ್ವದ ಅರ್ಧ ಬೆಳಗಿ, ನಡುವೆ ನೆಟ್ಟಗೆ ಸೀಳಿದಂತೆ ಕಾಣಬೇಕು. ಬ್ರಹ್ಮಗುಪ್ತನ ವಿಧಾನದಿಂದ ಆ ಫಲ ಬರುವುದಿಲ್ಲ. ಗುರುಸ್ಥಾನದಲ್ಲಿದ್ದವನ ಸೂತ್ರವನ್ನು, ಯಾರೂ ಹೋಗಿ ನೋಡಲಾಗದ ಊರಿಗೆ ಮನಸ್ಸಿನಲ್ಲೇ ಒಯ್ದು ಮುರಿದ ಈ ವಾದ ಅವರ ಬುದ್ಧಿಯ ಹರಿತಕ್ಕೆ ಸಾಕ್ಷಿ. ಬುದ್ಧಿಯೇ ಎಲ್ಲಕ್ಕಿಂತ ದೊಡ್ಡ ಯಂತ್ರ, ಕೈಯಲ್ಲೊಂದು ಕೋಲಿದ್ದರೆ ಸಾಕು ಎಂಬ ಅರ್ಥದ ಮಾತು ಅವರ ಯಂತ್ರಾಧ್ಯಾಯದಲ್ಲಿದೆ.

ಗ್ರಹಣದ ಪ್ರಕರಣದಲ್ಲಿ ಇದೇ ಕಣ್ಣು ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿದೆ. ಅರ್ಧ ಹಿಡಿದ ಚಂದ್ರನ ಕೊಂಬು ಮೊಂಡಾಗಿಯೂ, ಅರ್ಧ ಹಿಡಿದ ಸೂರ್ಯನ ಕೊಂಬು ಚೂಪಾಗಿಯೂ ಇರುವುದನ್ನು ಗಮನಿಸಿ, ಚಂದ್ರನನ್ನು ಮುಚ್ಚುವ ವಸ್ತು ಅವನಿಗಿಂತ ದೊಡ್ಡದು, ಸೂರ್ಯನನ್ನು ಮುಚ್ಚುವುದು ಬೇರೆಯದೇ ಎಂದು ಅವರು ತೋರಿಸುತ್ತಾರೆ. ಎರಡಕ್ಕೂ ಒಬ್ಬನೇ ರಾಹು ಕಾರಣನಾಗಲಾರ. ಆದರೆ ಶಾಸ್ತ್ರದೊಡನೆ ವೈರ ಕಟ್ಟಿಕೊಳ್ಳಲು ಅವರಿಗೆ ಮನಸ್ಸಿಲ್ಲ. ಬ್ರಹ್ಮನ ವರದಿಂದ ರಾಹು ಭೂಮಿಯ ನೆರಳನ್ನು ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ ಎಂದು ರಾಜಿ ಸೂತ್ರ ಹೇಳಿ ಮುಂದೆ ಹೋಗುತ್ತಾರೆ. ಈ ರಾಜಿ ಇಂದಿನ ಓದುಗರಿಗೆ ಸಪ್ಪೆಯೆನಿಸಬಹುದು; ಪಾಠ ಮಾತ್ರ ಕೆಡಲಿಲ್ಲ.

ಮಗಳು ಲೀಲಾವತಿಯ ಮುಹೂರ್ತ ತಪ್ಪಿಸಿದ ಮುತ್ತಿನ ಕಥೆ ಭಾಸ್ಕರರ ಗ್ರಂಥದಲ್ಲಿಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ ಅದು ಹರಡಿತು. ದಾಖಲೆಯಿರುವುದು ಮಗ ಲಕ್ಷ್ಮೀಧರನ ಬಗ್ಗೆ. 1183ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಭಾಸ್ಕರರು ಪಂಚಾಂಗ ಗಣಿತಕ್ಕೆ ಅನುಕೂಲವಾಗುವಂತೆ ಕರಣ ಕುತೂಹಲವನ್ನು ರಚಿಸಿದರು. ಲಕ್ಷ್ಮೀಧರ ಯಾದವ ದೊರೆ ಜೈತುಗಿಯ ಆಸ್ಥಾನ ಸೇರಿದ.

ಹತ್ತೊಂಬತ್ತನೇ ಶತಮಾನದಲ್ಲಿ ಲ್ಯಾನ್ಸೆಲಾಟ್ ವಿಲ್ಕಿನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಭೋಪಾಲ ಬಳಿಯ ಸೀಹೋರಿನಲ್ಲಿ ಹೊಸ ಖಗೋಳ ಜ್ಞಾನವನ್ನು ಕಲಿಸಲು ಸಿದ್ಧಾಂತ ಶಿರೋಮಣಿಯನ್ನೇ ಮೆಟ್ಟಿಲು ಮಾಡಿಕೊಂಡ. ಅವನು ಮಾಡಿದ ಗೋಲಾಧ್ಯಾಯದ ಇಂಗ್ಲಿಷ್ ಅನುವಾದ, ಬಾಪುದೇವ ಶಾಸ್ತ್ರಿಗಳ ಪರಿಷ್ಕರಣೆಯೊಂದಿಗೆ 1861ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಯಿತು. 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಹಾರಿದ ಭಾರತದ ಎರಡನೇ ಉಪಗ್ರಹಕ್ಕೆ ಭಾಸ್ಕರ ಎಂದೇ ಹೆಸರಿಡಲಾಯಿತು.

ಅದಕ್ಕೂ ಬಹಳ ಮೊದಲು ಮೊಮ್ಮಗ ಚಂಗದೇವ ಅಜ್ಜನ ನೆನಪಿಗೆ ಬೇರೊಂದು ಏರ್ಪಾಟು ಮಾಡಿದ್ದ. ಯಾದವ ದೊರೆ ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದ ಅವನು ಸಿದ್ಧಾಂತ ಶಿರೋಮಣಿ ಮೊದಲಾದ ಮನೆತನದ ಗ್ರಂಥಗಳನ್ನು ಕಲಿಸಲು ಪಾಟಣದಲ್ಲಿ ಮಠವೊಂದನ್ನು ಕಟ್ಟಿಸಿದ. 1865ರಲ್ಲಿ ಭಾವು ದಾಜಿ ಬೆಳಕಿಗೆ ತಂದ ಅಲ್ಲಿನ ಶಾಸನದಲ್ಲಿ ತ್ರಿವಿಕ್ರಮನಿಂದ ಚಂಗದೇವನವರೆಗೆ ಆ ವಂಶದ ಹೆಸರುಗಳಿವೆ. ನಿಕುಂಭ ವಂಶದ ಸೋಯಿದೇವ ಮಠಕ್ಕೆ ಕೊಟ್ಟ ದತ್ತಿಯ ವಿವರವಿದೆ. ದತ್ತಿ ನೀಡಿದ ದಿನ ಶ್ರಾವಣದ ಹುಣ್ಣಿಮೆ, 1207ರ ಆಗಸ್ಟ್ 9. ಅಂದು ಚಂದ್ರಗ್ರಹಣವಿತ್ತೆಂದು ಶಾಸನ ಹೇಳುತ್ತದೆ.