ಕಾರಾಪುರದ ಮಾವುತನ ಮಗ ಹಾಲಿವುಡ್ ತಾರೆಯಾದ ಕಥೆ

ವಯನಾಡಿನ ಮಾನಂದವಾಡಿಯಿಂದ ಬಾವಲಿ ದಾಟಿ ಎಚ್.ಡಿ.ಕೋಟೆಯ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಕಾಕನಕೋಟೆ ಕಾಡು ಹೊಸದಲ್ಲ. ಅಲ್ಲೇ ಕಬಿನಿ ದಡದ ಕಾರಾಪುರದಲ್ಲಿ ಹುಟ್ಟಿದ ಹುಡುಗನೊಬ್ಬ ಹಾಲಿವುಡ್‌ನಲ್ಲಿ ದೊಡ್ಡ ತಾರೆಯಾಗಿದ್ದ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಅವನ ಹೆಸರು ಸಾಬು.

ಹುಟ್ಟಿದ್ದು 1924ರ ಜನವರಿ 27ರಂದು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ತಂದೆ ತಾಯಿ ಇಬ್ಬರನ್ನೂ ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗನಿಗೆ ಆನೆ ಲಾಯವೇ ಮನೆ, ಅಣ್ಣನೇ ದಿಕ್ಕು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದ ಮರುವರ್ಷ, ಅಂದರೆ 1935ರಲ್ಲಿ, ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಕಿಪ್ಲಿಂಗ್ ಬರೆದ ಆನೆ ಹುಡುಗನ ಕಥೆಯೊಂದನ್ನು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾಗಾಗಿ ಚಿತ್ರ ಮಾಡಬೇಕಿತ್ತು. ನಾಯಕನಿಗಾಗಿ ಹುಡುಕಾಟ ನಡೆದಾಗ ಛಾಯಾಗ್ರಾಹಕ ಬೊರಾಡೇಲ್ ಕಣ್ಣಿಗೆ ಬಿದ್ದವನು ಆನೆ ಲಾಯದ ಈ ಪೋರ. ಅವನ ಜೊತೆ ನಟಿಸಿದ್ದು ಅರಮನೆಯ ಐರಾವತ! ಮಹಾರಾಜರ ನೆರವಿನಿಂದ ಕಾಡಾನೆಗಳ ಹಿಂಡನ್ನೇ ಅಟ್ಟಿ ಚಿತ್ರಿಸಿದರು. ಉಳಿದ ಭಾಗಕ್ಕೆ ಸಾಬು ಮತ್ತು ಅವನ ಅಣ್ಣನನ್ನು ಇಂಗ್ಲೆಂಡಿಗೆ ಕರೆದೊಯ್ದು ಸ್ಟುಡಿಯೋದಲ್ಲಿ ಚಿತ್ರೀಕರಣ ಮುಗಿಸಿದರು. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು. ವೆನಿಸ್ ಉತ್ಸವದಲ್ಲಿ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾಗೆ ನಿರ್ದೇಶನದ ಪ್ರಶಸ್ತಿ ಸಿಕ್ಕಿತು. ನನ್ನ ಮಟ್ಟಿಗೆ ಸ್ಟುಡಿಯೋದ ದೃಶ್ಯಗಳು ಅಷ್ಟಕ್ಕಷ್ಟೇ. ಆದರೆ ಹುಡುಗ ಆನೆಯ ಮೇಲೇರಿ ಕೂತ ಕ್ಷಣ ಚಿತ್ರಕ್ಕೆ ಜೀವ ಬರುತ್ತದೆ, ಅಲ್ಲಿ ನಟನೆಯೇ ಇಲ್ಲ.

1938ರ 'ದಿ ಡ್ರಮ್' ಬ್ರಿಟಿಷ್ ಸಾಮ್ರಾಜ್ಯವನ್ನು ಹೊಗಳುವ ಚಿತ್ರ. ಮುಂಬೈಯಲ್ಲಿ ಅದರ ವಿರುದ್ಧ ಪ್ರತಿಭಟನೆಗಳೇ ನಡೆದವು. ಹದಿನಾಲ್ಕರ ಹುಡುಗನಿಗೆ ಈ ರಾಜಕೀಯ ಎಷ್ಟು ಅರ್ಥವಾಗಿದ್ದೀತು?

ಆಮೇಲೆ ಬಂದದ್ದು 'ದಿ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಆರಂಭವಾದ ಚಿತ್ರೀಕರಣ ಯುದ್ಧದಿಂದಾಗಿ ಅಮೆರಿಕಕ್ಕೆ ಹೋಯಿತು, ಸಾಬು ಕೂಡ ಹೋದ. 1940ರ ಈ ಚಿತ್ರಕ್ಕೆ ಮೂರು ಆಸ್ಕರ್. ರಾಜಕುಮಾರ, ರಾಜಕುಮಾರಿ ಯಾರೂ ನೆನಪಿನಲ್ಲಿ ಉಳಿಯುವುದಿಲ್ಲ. ಉಳಿಯುವುದು ಕಳ್ಳ ಹುಡುಗ ಅಬು ಮಾತ್ರ. ಭೂತವನ್ನು ಮಾತಿನಲ್ಲೇ ಮರುಳು ಮಾಡಿ ಮತ್ತೆ ಶೀಶೆಯೊಳಗೆ ಇಳಿಸುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. 1942ರಲ್ಲಿ 'ಜಂಗಲ್ ಬುಕ್'ನ ಮೌಗ್ಲಿ. ಈಗಿನ ಮಕ್ಕಳಿಗೆ ಮೌಗ್ಲಿ ಎಂದರೆ ಡಿಸ್ನಿಯ ಕಾರ್ಟೂನ್, ಆದರೆ ಅದು ಬಂದದ್ದು 25 ವರ್ಷಗಳ ನಂತರ.

ಮುಂದೆ ಯುನಿವರ್ಸಲ್ ಕಂಪನಿಯಲ್ಲಿ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್'. ಬಣ್ಣ ಬಣ್ಣದ ಸೆಟ್, ನಾಯಕಿ ಮರಿಯಾ ಮಾಂಟೆಜ್, ನಾಯಕ ಜಾನ್ ಹಾಲ್. ಸಾಬು ಈಗ ನಾಯಕನಲ್ಲ, ನಾಯಕನ ಗೆಳೆಯ. ಬಿಳಿಯ ನಾಯಕಿಗೆ ಜೋಡಿಯಾಗಿ ಭಾರತೀಯನನ್ನು ಹಾಕುವ ಧೈರ್ಯ ಅಂದಿನ ಹಾಲಿವುಡ್‌ಗೆ ಇರಲಿಲ್ಲ.

1944ರಲ್ಲಿ ಅವರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಸಾಮಾನ್ಯ ಭಾರತೀಯರಿಗೆ ಆ ಹಕ್ಕು ಬಂದದ್ದು 1946ರ ಕಾನೂನಿನಿಂದ. ತಾರೆಯೆಂದು ಸುಮ್ಮನೆ ಪ್ರಚಾರ ಭಾಷಣ ಮಾಡಿಕೊಂಡು ಇರಬಹುದಿತ್ತು. ಇರಲಿಲ್ಲ. ವಾಯುಪಡೆ ಸೇರಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ಸಾಗರದ ಮೇಲೆ ಹತ್ತಾರು ಬಾರಿ ಹಾರಿದರು. ಶೌರ್ಯಕ್ಕಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು.

ಮರಳಿ ಬಂದಾಗ ಪ್ರೇಕ್ಷಕರ ರುಚಿ ಬದಲಾಗಿತ್ತು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಮಾತ್ರ ಒಳ್ಳೆಯ ಪಾತ್ರ. ಹಿಮಾಲಯದ ಕಾನ್ವೆಂಟಿಗೆ ಅತ್ತರು ಪೂಸಿಕೊಂಡು ಪಾಠ ಕಲಿಯಲು ಬರುವ ಯುವ ಜನರಲ್. ಹಿಮಾಲಯವೆಲ್ಲ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಬರೆದ ಚಿತ್ರ, ಆದರೆ ಸಾಬು ತರುವ ಲವಲವಿಕೆ ನಿಜವಾದದ್ದು. ಇಂಥ ಪಾತ್ರ ಇನ್ನೂ ನಾಲ್ಕು ಸಿಕ್ಕಿದ್ದರೆ! ಸಿಕ್ಕಿದ್ದು ಮತ್ತದೇ ಕಾಡು, ಮತ್ತದೇ ಪೇಟ. 1948ರಲ್ಲಿ ನಟಿ ಮರ್ಲಿನ್ ಕೂಪರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಕಸ್ಸಿನಲ್ಲಿ ಆನೆ ಆಡಿಸಿದರು.

ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಯೋಚಿಸಿದ್ದರು. ಅದು ಕೈಗೂಡಲಿಲ್ಲ, ಪಾತ್ರ ಸುನೀಲ್ ದತ್ ಪಾಲಾಯಿತು. ಹೀಗಾಗಿ ಕಾರಾಪುರದ ಈ ಹುಡುಗ ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ. ಕನ್ನಡ ಚಿತ್ರರಂಗ ಅವರನ್ನು ಕರೆದಿದ್ದರೆ ಏನಾಗುತ್ತಿತ್ತೋ ಎಂದು ನಾನು ಆಗಾಗ ಯೋಚಿಸುವುದುಂಟು.

1960ರಲ್ಲಿ ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರ ಹಾಕಿದರು. ಅದೇ ವರ್ಷ, ಜೊತೆಯಲ್ಲೇ ಕಡಲು ದಾಟಿ ಬಂದ ಅಣ್ಣ ತನ್ನ ಪೀಠೋಪಕರಣದ ಅಂಗಡಿಯಲ್ಲಿ ದರೋಡೆಕೋರನ ಗುಂಡಿಗೆ ಬಲಿಯಾದರು. 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡರು. ವಯಸ್ಸು ಬರೀ 39. ಕೊನೆಯ ಚಿತ್ರ, ಡಿಸ್ನಿಯವರ 'ಎ ಟೈಗರ್ ವಾಕ್ಸ್', ತೆರೆಗೆ ಬಂದದ್ದು ಮರುವರ್ಷ. ಅದರಲ್ಲೂ ಅವರದು ಹುಲಿಯ ಸ್ವಭಾವ ಬಲ್ಲ ಭಾರತೀಯನ ಪಾತ್ರ.