ಶ್ವೈಟ್ಜರರು ಕಂಡುಕೊಂಡ ಕರೆ

ದೇವರ ಕರೆ ಎಂದೊಡನೆ ನಮಗೆ ಕನಸು, ಅಶರೀರವಾಣಿ, ಕಣ್ಣು ಕೋರೈಸುವ ಬೆಳಕು ಮುಂತಾದವು ನೆನಪಾಗುತ್ತವೆ. ದೀನಸೇವೆಗಾಗಿ ಮನೆಮಾರು ತೊರೆದವರೆಲ್ಲರೂ ಅಂತಹ ಒಂದು ಕ್ಷಣದಲ್ಲಿಯೇ ಎದ್ದು ನಡೆದರೆಂದು ಭಾವಿಸುತ್ತೇವೆ. ಆಫ್ರಿಕದ ಕಾಡಿನಲ್ಲಿ ವೈದ್ಯರಾಗಿ ಬಾಳು ಸವೆಸಿದ ಆಲ್ಬರ್ಟ್ ಶ್ವೈಟ್ಜರರ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ. ಅವರಿಗೆ ಯಾವ ವಾಣಿಯೂ ಕೇಳಿಸಲಿಲ್ಲ. ಅವರು ಯೋಚಿಸಿದರು, ಕಾದರು, ಹುಡುಕಿದರು. ದಾರಿ ಕಂಡ ಮೇಲೆ ಅದನ್ನು ಬಿಡಲಿಲ್ಲ.

ಶ್ವೈಟ್ಜರರು 1875ನೆಯ ಇಸವಿ ಜನವರಿ 14ರಂದು, ಆಗ ಜರ್ಮನಿಗೆ ಸೇರಿದ್ದ ಅಲ್ಸೇಸ್ ಪ್ರಾಂತದ ಕೈಸರ್ಸ್‌ಬರ್ಗ್‌ನಲ್ಲಿ ಜನಿಸಿದರು. ತಂದೆ ಗುನ್ಸ್‌ಬಾಕ್ ಎಂಬ ಹಳ್ಳಿಯ ಪಾದ್ರಿಗಳು. ಬಾಲಕ ಆಲ್ಬರ್ಟ್ ಒಮ್ಮೆ ತನಗಿಂತ ದೊಡ್ಡ ಹುಡುಗನೊಬ್ಬನನ್ನು ಸೆಣಸಾಟದಲ್ಲಿ ಕೆಡವಿದನು. ವಾರಕ್ಕೆರಡು ಬಾರಿ ತನಗೂ ಮಾಂಸದ ಸಾರು ಸಿಕ್ಕಿದ್ದರೆ ತಾನೂ ಗೆಲ್ಲುತ್ತಿದ್ದೆನೆಂದು ಸೋತವನು ಆಡಿದ ಮಾತು ಅವನ ಎದೆಗೆ ನಾಟಿತು. ಅಂದಿನಿಂದ ಮನೆಯ ಸಾರು ಅವನಿಗೆ ರುಚಿಸಲಿಲ್ಲ. ಹಳ್ಳಿಯ ಮಕ್ಕಳಿಗಿಲ್ಲದ ಮೇಲಂಗಿಯನ್ನು ತಾನು ತೊಡಲಾರೆನೆಂದು ಹಟ ಹಿಡಿದು ತಂದೆಯಿಂದ ಏಟು ತಿಂದುದೂ ಉಂಟು.

ಈ ಎಳೆಯ ಸಂಕಟವೇ ಮುಂದೆ ವಿಚಾರವಾಗಿ ಬಲಿಯಿತು. 1896ರ ಪೆಂಟೆಕೋಸ್ಟ್ ರಜೆಯಲ್ಲಿ, ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಅವರು ಮನೆಗೆ ಬಂದಿದ್ದರು. ಆಗ ವಯಸ್ಸು 21. ತಮಗೆ ದೊರೆತ ಸುಖವನ್ನು ಸಹಜವೆಂದು ಸ್ವೀಕರಿಸಬಾರದು, ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಲೇಬೇಕು ಎಂದು ಅವರಿಗೆ ತೋರಿತು. ಮೂವತ್ತು ವರ್ಷ ತುಂಬುವವರೆಗೆ ವಿದ್ಯೆಗೂ ಸಂಗೀತಕ್ಕೂ ಬಾಳುವುದು, ಅನಂತರ ಜನರ ನೇರ ಸೇವೆಗೆ ಮೀಸಲಾಗುವುದು ಎಂದು ಅಂದೇ ನಿರ್ಧರಿಸಿದರು. ಯಾವ ಸೇವೆ, ಯಾವ ನಾಡು ಎಂಬುದು ಅವರಿಗೇ ತಿಳಿದಿರಲಿಲ್ಲ.

ಅವಧಿಯನ್ನು ಅವರು ಪೋಲು ಮಾಡಲಿಲ್ಲ. ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಉಪದೇಶಕರಾದರು, ದೇವತಾಶಾಸ್ತ್ರದ ಅಧ್ಯಾಪಕರಾದರು. ಆರ್ಗನ್ ವಾದನದಲ್ಲಿ ಹೆಸರಾದರು, ಸಂಗೀತಗಾರ ಬಾಖ್‌ನನ್ನು ಕುರಿತು ದೊಡ್ಡ ಗ್ರಂಥ ಬರೆದರು. ಜೊತೆಯಲ್ಲಿ ಹುಡುಕಾಟವೂ ಸಾಗಿತ್ತು. ಅನಾಥ ಮಕ್ಕಳನ್ನು ಸಾಕಲು ಮುಂದಾದರು. ಸಂಸ್ಥೆಗಳ ನಿಯಮಗಳು ಅಡ್ಡ ಬಂದವು. ಅಲೆಮಾರಿಗಳಿಗೂ ಸೆರೆಮನೆಯಿಂದ ಬಿಡುಗಡೆಯಾದವರಿಗೂ ನೆರವಾದರು. ಅದೂ ತಮ್ಮ ಪೂರ್ಣ ಕಾರ್ಯವೆಂದು ತೋರಲಿಲ್ಲ. 1904ರ ಶರತ್ಕಾಲದಲ್ಲಿ ಒಂದು ದಿನ ಪ್ಯಾರಿಸ್ ಮಿಷನ್ ಸಂಘದ ಪತ್ರಿಕೆ ಅವರ ಮೇಜಿನ ಮೇಲಿತ್ತು. ಆಫ್ರಿಕದ ಗ್ಯಾಬನ್ ಪ್ರದೇಶದಲ್ಲಿ ಕೆಲಸಗಾರರ ಕೊರತೆಯಿದೆ ಎಂಬ ಲೇಖನವನ್ನು ಓದಿ ಮುಗಿಸಿ, ಸದ್ದಿಲ್ಲದೆ ತಮ್ಮ ಕೆಲಸಕ್ಕೆ ತೊಡಗಿದರು. ಹುಡುಕಾಟ ಮುಗಿದಿತ್ತು.

ನಿಜವಾದ ಪರೀಕ್ಷೆ ಆಮೇಲೆ ಬಂದಿತು. 1905ರ ಅಕ್ಟೋಬರ್ 13ರಂದು ಪ್ಯಾರಿಸಿನ ಅಂಚೆ ಪೆಟ್ಟಿಗೆಯೊಂದಕ್ಕೆ ಅವರು ಹಾಕಿದ ಪತ್ರಗಳು ಬಂಧುಮಿತ್ರರನ್ನು ಕಂಗೆಡಿಸಿದವು. ಇಂತಹ ಪಂಡಿತನು ಭಾಷಣ ಮಾಡಿ ಹಣ ಕೂಡಿಸಿಕೊಟ್ಟರೆ ಸಾಲದೆ ಎಂದರು ಕೆಲವರು. ಶ್ವೈಟ್ಜರರಿಗೆ ಮಾತು ಸಾಕಾಗಿತ್ತು. ಪ್ರೀತಿಯ ಧರ್ಮವನ್ನು ಕೈಯಿಂದ ಮಾಡಿ ತೋರುವ ಆಸೆಯಿಂದಲೇ ಅವರು ವೈದ್ಯವೃತ್ತಿಯನ್ನು ಆರಿಸಿಕೊಂಡರು. ಮೂವತ್ತರ ವಯಸ್ಸಿನಲ್ಲಿ ಅಧ್ಯಾಪಕರು ಮತ್ತೆ ವಿದ್ಯಾರ್ಥಿಗಳ ಬೆಂಚಿನ ಮೇಲೆ ಕುಳಿತರು. ಪರೀಕ್ಷೆಯ ಶುಲ್ಕಕ್ಕಾಗಿ ಮ್ಯೂನಿಕ್ ನಗರದ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿದರು. ಅವರ ಧಾರ್ಮಿಕ ವಿಚಾರಗಳಿಗೆ ಅಂಜಿ ಮಿಷನ್ ಸಂಘದವರೇ ಹಿಂಜರಿದಾಗ, ತಮ್ಮ ಖರ್ಚಿನಲ್ಲಿಯೇ ಬರುವುದಾಗಿಯೂ, ಉಪದೇಶ ಮಾಡದೆ ಬರಿಯ ವೈದ್ಯನಾಗಿರುವುದಾಗಿಯೂ ಒಪ್ಪಿಕೊಂಡರು. ಅವರನ್ನು 1912ರಲ್ಲಿ ಕೈಹಿಡಿದ ಹೆಲೆನ್ ಬ್ರೆಸ್ಲೌ ಅವರು ದಾದಿಯ ಶಿಕ್ಷಣ ಪಡೆದು ಜೊತೆಗೆ ಹೊರಟರು.

1913ರ ಏಪ್ರಿಲ್‌ನಲ್ಲಿ ದಂಪತಿಗಳು ಓಗೋವೆ ನದಿಯ ದಡದ ಲಂಬಾರೆನೆಯನ್ನು ಮುಟ್ಟಿದರು. ಕಟ್ಟಡವಿರಲಿಲ್ಲ, ಹಳೆಯ ಕೋಳಿಗೂಡೊಂದನ್ನು ಸುಣ್ಣ ಬಳಿದು ಚಿಕಿತ್ಸೆಯ ಕೊಠಡಿಯಾಗಿ ಮಾಡಿಕೊಂಡರು. ಹಿಂದೆ ಅಡಿಗೆಯವನಾಗಿದ್ದ ಜೋಸೆಫ್ ದುಭಾಷಿಯಾದನು. ರೋಗಿಯ ನೋವು ಎಲ್ಲಿದೆಯೆಂಬುದನ್ನು ಅವನು ಅಡಿಗೆಮನೆಯ ಮಾಂಸದ ತುಂಡುಗಳ ಹೆಸರಿನಿಂದ ವಿವರಿಸುತ್ತಿದ್ದನು. ಮಲೇರಿಯ, ನಿದ್ರಾರೋಗ, ಕುಷ್ಠ, ಮಾಯದ ಹುಣ್ಣು — ಮೊದಲ ಒಂಬತ್ತು ತಿಂಗಳಲ್ಲಿಯೇ ಸುಮಾರು 2000 ರೋಗಿಗಳು ಬಂದರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಫ್ರೆಂಚರ ವಸಾಹತಿನಲ್ಲಿದ್ದ ಜರ್ಮನ್ ಪ್ರಜೆಗಳಾದ್ದರಿಂದ ದಂಪತಿಗಳು ಕಾವಲಿಗೆ ಒಳಗಾದರು. 1917ರಲ್ಲಿ ಸೆರೆಯಾಳುಗಳಾಗಿ ಫ್ರಾನ್ಸಿಗೆ ಸಾಗಿಸಲ್ಪಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ಸಾಲ ಉಳಿದಿತ್ತು. ಕರೆ ತಪ್ಪಾಗಿತ್ತೆಂದು ಹೇಳಿ ಕೈತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಶ್ವೈಟ್ಜರರು ಕಚೇರಿ ನಡೆಸಿ, ಪುಸ್ತಕ ಬರೆದು, ಹಣ ಕೂಡಿಸಿ 1924ರಲ್ಲಿ ಮರಳಿದರು. ಪಾಳುಬಿದ್ದಿದ್ದ ಆಸ್ಪತ್ರೆಯನ್ನು ಬೇರೊಂದೆಡೆ ಮತ್ತೆ ಕಟ್ಟಿದರು. 1952ನೆಯ ಸಾಲಿನ ನೊಬೆಲ್ ಶಾಂತಿ ಪಾರಿತೋಷಕದ ಹಣವನ್ನು ಕುಷ್ಠರೋಗಿಗಳ ವಸತಿಗೆ ವಿನಿಯೋಗಿಸಿದರು. 1965ರ ಸೆಪ್ಟೆಂಬರ್ 4ರಂದು ಲಂಬಾರೆನೆಯಲ್ಲಿಯೇ ತೀರಿಕೊಂಡರು.

ಅವರಲ್ಲಿ ದೋಷವಿರಲಿಲ್ಲವೆಂದಲ್ಲ. ಆಫ್ರಿಕದ ಜನರನ್ನು ಅವರು ಸರಿಸಮಾನರೆಂದು ಕಾಣದೆ ತಮ್ಮಂದಿರೆಂದು ಕಂಡರು. ಆಸ್ಪತ್ರೆಯ ರೀತಿನೀತಿಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸಲಿಲ್ಲ. ಈ ಟೀಕೆಗಳಲ್ಲಿ ಸತ್ಯವಿದೆ. ಒಳ್ಳೆಯ ಕರೆಯೂ ಮನುಷ್ಯನನ್ನು ಅವನ ಕಾಲದ ಕುರುಡಿನಿಂದ ಪೂರ್ತಿಯಾಗಿ ಬಿಡಿಸಲಾರದು.

ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಪದವಿಯೆಂದರೆ ಒಂದು ಉದ್ಯೋಗ, ತಂದೆತಾಯಿಯರ ಕೈಗೊಂದು ಆಸರೆ. ಆ ಋಣ ಚಿಕ್ಕದಲ್ಲ. ಅದನ್ನು ತೊರೆದು ಕಾಡಿಗೆ ಹೋಗೆಂದು ಈ ಚರಿತ್ರೆ ಹೇಳುವುದೂ ಇಲ್ಲ. ನಮ್ಮ ವಯಸ್ಸಿನಲ್ಲಿ ಶ್ವೈಟ್ಜರರು ಮಾಡಿದ್ದು ಇಷ್ಟೇ: ಪಡೆದುದರ ಲೆಕ್ಕ ಬರೆದರು, ತೀರಿಸುವ ವರುಷವನ್ನು ಗೊತ್ತುಮಾಡಿದರು, ಆ ವರುಷ ಬಂದಾಗ ತಾರೀಖನ್ನು ಮುಂದೂಡಲಿಲ್ಲ.